ಕೇಳಿದ್ದೂ ಬರೆದದ್ದೂ

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದವನಿಗೆ ಉಪದೇಶ ಮಾಡುವವರು ಬಹು ಮಂದಿ. ತೀರ್ಥಯಾತ್ರೆ ಮಾಡಿರೆಂದು ಒಬ್ಬರು, ಗೀತೆಯ ತರಗತಿ ನಡೆಸಿರೆಂದು ಇನ್ನೊಬ್ಬರು, ಬೆಳಗ್ಗೆ ಎರಡು ಮೈಲಿ ನಡೆಯಿರೆಂದು ವೈದ್ಯರು. ಇವುಗಳಲ್ಲಿ ಕಡೆಯದೊಂದನ್ನು ಮಾತ್ರ ನಾನು ಅರೆಮನಸ್ಸಿನಿಂದ ಪಾಲಿಸಿದೆನು. ನನ್ನ ವಿಶ್ರಾಂತಿಕಾಲವನ್ನು ನಿಜವಾಗಿ ಆಕ್ರಮಿಸಿದ್ದು ಯಾರೂ ಉಪದೇಶಿಸದ ಒಂದು ವಿದ್ಯೆ. ನನ್ನ ತಂಗಿಯ ಮಗನು ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವ ಏರ್ಪಾಟು ಮಾಡಿಕೊಂಡು ಊರಿಗೆ ಬಂದು ನೆಲಸಿದಾಗ, ತನ್ನೊಡನೆ ಒಂದು ರೇಡಿಯೋ ಪೆಟ್ಟಿಗೆಯನ್ನೂ ಸುರುಳಿ ಸುರುಳಿಯಾಗಿ ತಂತಿಯನ್ನೂ ತಂದನು. ತಂತಿಯು ಹಿತ್ತಿಲಿನ ಎರಡು ತೆಂಗಿನ ಮರಗಳ ನಡುವೆ ಏರಿತು. "ಅಣ್ಣಾ, ಬಟ್ಟೆ ಒಣಗಿಸುವುದಕ್ಕೆ ಇಷ್ಟು ಎತ್ತರ ಯಾಕಂತೆ?" ಎಂದು ನನ್ನ ತಂಗಿಯು ಕೇಳಿದಳು.

ಹವ್ಯಾಸಿ ರೇಡಿಯೋ ಎಂದರೆ ಆಕಾಶವಾಣಿಯ ಕಾರ್ಯಕ್ರಮಗಳನ್ನು ಕೇಳುವ ಹವ್ಯಾಸವಲ್ಲ. ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅನುಮತಿಪತ್ರವನ್ನು ಪಡೆದು, ತನ್ನ ಸ್ವಂತ ನಿಲಯದಿಂದ ದೇಶವಿದೇಶಗಳ ಇತರ ಹವ್ಯಾಸಿಗಳೊಡನೆ ಸಂಪರ್ಕ ಬೆಳೆಸುವುದು. ಪ್ರತಿಯೊಬ್ಬನಿಗೂ ಅಕ್ಷರವೂ ಅಂಕಿಯೂ ಕೂಡಿದ ಒಂದು ಕರೆಹೆಸರು ಇರುತ್ತದೆ. ನಮ್ಮ ದೇಶದವರದು ಸಾಮಾನ್ಯವಾಗಿ 'ವಿಯು' ಎಂದು ಮೊದಲಾಗುವುದು. ಬಾಯಿಂದ ಮಾತನಾಡಬಹುದು, ಇಲ್ಲವೇ ಮೋರ್ಸ್ ಸಂಕೇತವನ್ನು ಬಳಸಬಹುದು. ಈ ಎರಡನೆಯದೇ ನನ್ನನ್ನು ಬಲೆಗೆ ಕೆಡವಿತು. ಚುಕ್ಕೆಯೂ ಗೆರೆಯೂ ಸೇರಿ ಅಕ್ಷರವಾಗುವುದೆಂದು ಕೇಳಿದೊಡನೆ, ಛಂದಸ್ಸಿನ ಲಘು ಗುರುಗಳನ್ನು ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಎಣಿಸಿದ್ದ ನನಗೆ, ಇದು ನಮ್ಮ ಮನೆಯ ವಿದ್ಯೆಯೇ ಎಂದು ತೋರಿತು. ಆದರೆ ಗುರುವಿಗೆ ಎರಡು ಮಾತ್ರೆ. ಮೋರ್ಸಿನ ಗೆರೆಗೆ ಚುಕ್ಕೆಯ ಮೂರು ಪಾಲು ಕಾಲ. ಆದುದರಿಂದ ಅದು ಗುರುವಲ್ಲ, ಪ್ಲುತ. ಕೋಳಿಯ ಕೂಗಿನಿಂದ ಹ್ರಸ್ವ ದೀರ್ಘ ಪ್ಲುತಗಳನ್ನು ತೋರಿಸಿಕೊಡುತ್ತಿದ್ದ ನಮ್ಮ ವ್ಯಾಕರಣದ ಗುರುಗಳು ಇದನ್ನು ಕೇಳಿದ್ದರೆ ನಕ್ಕು ಒಪ್ಪುತ್ತಿದ್ದರು. ಅರುವತ್ತೊಂದನೆಯ ವಯಸ್ಸಿನಲ್ಲಿ ನಾನು ಮೋರ್ಸ್ ಕಲಿತು ಪರೀಕ್ಷೆಗೆ ಕುಳಿತೆನು. ನಲವತ್ತು ವರ್ಷ ಪರೀಕ್ಷೆ ನಡೆಸಿದವನು ಪರೀಕ್ಷೆ ಕೊಡುವಾಗ ಕೈ ನಡುಗಿದ್ದನ್ನು ಇಲ್ಲಿ ಹೆಚ್ಚಾಗಿ ವರ್ಣಿಸಬೇಕಾಗಿಲ್ಲ.

ಈ ಹವ್ಯಾಸಿಗಳಲ್ಲಿ ಸ್ಪರ್ಧೆಗಳುಂಟು. ಅವುಗಳಲ್ಲಿ ಬಹು ದೊಡ್ಡದು ಅಮೆರಿಕದ 'ಸೀಕ್ಯೂ' ಎಂಬ ಪತ್ರಿಕೆಯ ಹೆಸರಿನಲ್ಲಿ 1948ರಿಂದ ನಡೆದುಬಂದಿರುವ ವಿಶ್ವಸ್ಪರ್ಧೆ. ಮಾತಿನ ಸ್ಪರ್ಧೆಯು ಅಕ್ಟೋಬರ್ ಕೊನೆಯಲ್ಲಿ, ಮೋರ್ಸಿನದು ನವೆಂಬರ್ ಕೊನೆಯಲ್ಲಿ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗ್ಗೆ ಐದೂವರೆಗೆ ಮೊದಲಾಗಿ, ಸೋಮವಾರ ಅದೇ ಹೊತ್ತಿಗೆ ಮುಗಿಯುವ 48 ಗಂಟೆಗಳ ಕಾಲ, ಭೂಮಂಡಲದ ಹವ್ಯಾಸಿಗಳೆಲ್ಲ ಒಬ್ಬರನ್ನೊಬ್ಬರು ಕರೆಯುತ್ತಲೇ ಇರುತ್ತಾರೆ. ಭೂಮಿಯನ್ನು 40 ವಲಯಗಳಾಗಿ ವಿಂಗಡಿಸಿದೆ. ನಮ್ಮದು 22ನೆಯದು, ಜಪಾನಿನದು 25ನೆಯದು. ಸಂಪರ್ಕವಾದಾಗ ಒಬ್ಬರಿಗೊಬ್ಬರು ಸಂಕೇತದ ಗುಣವನ್ನೂ ವಲಯದ ಸಂಖ್ಯೆಯನ್ನೂ ಹೇಳಿಕೊಳ್ಳಬೇಕು. ಅನ್ಯ ಖಂಡದವನೊಡನೆ ಮಾತಾದರೆ ಮೂರು ಅಂಕ. ಒಟ್ಟು ಅಂಕಗಳನ್ನು, ಎಷ್ಟು ವಲಯ ಎಷ್ಟು ದೇಶಗಳು ದೊರೆತವೋ ಆ ಮೊತ್ತದಿಂದ ಗುಣಿಸಬೇಕು. ಎಲ್ಲವನ್ನೂ ಹೊತ್ತಿನೊಡನೆ ಬರೆದಿಡುವ ದಾಖಲೆಗೆ ಲಾಗ್ ಎಂದು ಹೆಸರು. ಅದನ್ನು ಸ್ಪರ್ಧೆ ಮುಗಿದ ಐದು ದಿನಗಳೊಳಗೆ ಕಳುಹಿಸಬೇಕು.

2022ರ ನವೆಂಬರಿನಲ್ಲಿ ನಾವಿಬ್ಬರೂ ಕೂಡಿ ಈ ಸ್ಪರ್ಧೆಗೆ ಇಳಿದೆವು. ಮೊದಲ ವಾದವು ಮೊದಲ ಗಂಟೆಯಲ್ಲೇ ಹುಟ್ಟಿತು. ಸಂಕೇತದ ಗುಣವನ್ನು ಮೂರು ಅಂಕಿಗಳಲ್ಲಿ ಹೇಳುವ ಪದ್ಧತಿ: ಸ್ಪಷ್ಟತೆಗೆ ಐದರವರೆಗೆ, ಬಲಕ್ಕೆ ಒಂಬತ್ತರವರೆಗೆ, ನಾದಕ್ಕೆ ಒಂಬತ್ತರವರೆಗೆ. ಎಲ್ಲವೂ ಪರಿಪೂರ್ಣವಾದರೆ 599. ಆದರೆ ಸ್ಪರ್ಧೆಯಲ್ಲಿ, ಸೊಳ್ಳೆಯ ಗುಂಯ್‌ಗುಟ್ಟುವಿಕೆಗಿಂತ ಕ್ಷೀಣವಾಗಿ ಕೇಳಿಸಿದವನಿಗೂ 599 ಎಂದೇ ಹೇಳುತ್ತಾರೆ. ಅದನ್ನೂ ಮೊಟಕುಗೊಳಿಸಿ, ಒಂಬತ್ತರ ನಾಲ್ಕು ಗೆರೆ ಒಂದು ಚುಕ್ಕೆಗೆ ಬದಲಾಗಿ ಒಂದೇ ಗೆರೆ ಒಂದೇ ಚುಕ್ಕೆಯನ್ನು ಒತ್ತುತ್ತಾರೆ. ಅರ್ಧ ಮಾತ್ರೆಯ ಉಳಿತಾಯಕ್ಕೆ ಹಿಗ್ಗುವ ವೈಯಾಕರಣರ ಕುಲದವನಾದ ನನಗೆ ಮೊಟಕು ಒಪ್ಪಿಗೆಯಾಯಿತು, ಸುಳ್ಳು ಒಪ್ಪಿಗೆಯಾಗಲಿಲ್ಲ.

"ಇವನು ಕೇಳಿಸಿದ್ದೇ ಕಷ್ಟ. ಪರಿಪೂರ್ಣವೆಂದು ಹೇಗೆ ಹೇಳಲಿ?" ಎಂದೆನು.

"ಮಾವ, ಮದುವೆಯ ಕರೆಯೋಲೆಯಲ್ಲಿ ಸಕುಟುಂಬ ಸಪರಿವಾರ ಎಂದು ಬರೆಯುತ್ತಾರಲ್ಲ, ಪರಿವಾರವನ್ನು ಎಣಿಸಿ ಬರೆಯುತ್ತಾರೆಯೇ? ಅವನು ಕಾಯುತ್ತಿದ್ದಾನೆ, ಒತ್ತಿ" ಎಂದನು.

ಒತ್ತಿದೆನು. ಆದರೆ ಲಾಗನ್ನು ಪರಿಶೀಲಿಸುವವರು ಎಲ್ಲರೂ ಒಂದೇ ಆಗಿ ಬರೆಯುವ ಆ 599ನ್ನು ಪರೀಕ್ಷಿಸಿ ಏನನ್ನು ತಿಳಿದಾರು ಎಂಬ ಶಂಕೆ ನನ್ನಲ್ಲಿ ಉಳಿಯಿತು, ಈಗಲೂ ಉಳಿದಿದೆ. ಪರೀಕ್ಷೆಗೆ ಸಿಕ್ಕುವುದು ಕರೆಹೆಸರು, ವಲಯ, ಹೊತ್ತು ಇವಿಷ್ಟೆ. 100 ವಾಟಿನ ವರ್ಗದಲ್ಲಿ ನಿಂತವನು ಗುಟ್ಟಾಗಿ ಹೆಚ್ಚು ಬಲವನ್ನು ಬಳಸಿದರೆ ಲಾಗಿನ ಯಾವ ಸಾಲೂ ಅದನ್ನು ಹೇಳುವುದಿಲ್ಲ. ಅಲ್ಲಿ ಮನುಷ್ಯನ ಮಾತೇ ಪ್ರಮಾಣ.

ಪರಿಶೀಲನೆಯ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಏಕೆಂದರೆ ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯ ಮಾಡುವವರ ಕೆಲಸಕ್ಕೂ ಇದಕ್ಕೂ ಹತ್ತಿರದ ನೆಂಟಸ್ತಿಕೆಯುಂಟು. ಒಂದು ಸಂಭಾಷಣೆಗೆ ಇಬ್ಬರು ಲಿಪಿಕಾರರು. ನಾನು ಬರೆದದ್ದು ನನ್ನ ಲಾಗಿನಲ್ಲಿ, ಅವನು ಬರೆದದ್ದು ಅವನ ಲಾಗಿನಲ್ಲಿ. ಸಾವಿರಾರು ಲಾಗುಗಳು ಬಂದು ಸೇರಿದ ಮೇಲೆ ಕಂಪ್ಯೂಟರು ಅವುಗಳನ್ನು ಜೋಡಿ ಜೋಡಿಯಾಗಿ ಎದುರು ಬದುರು ನಿಲ್ಲಿಸುತ್ತದೆ. ಎರಡೂ ಒಪ್ಪಿದರೆ ಸರಿ. ನಾನು ಅವನ ಹೆಸರಿನಲ್ಲಿ ಒಂದಕ್ಷರ ತಪ್ಪು ಬರೆದಿದ್ದರೆ ಆ ಸಂಪರ್ಕದ ಅಂಕ ಹೋಗುವುದಲ್ಲದೆ, ಅದರ ಇಮ್ಮಡಿಯು ದಂಡವಾಗಿಯೂ ಹೋಗುತ್ತದೆ. ಅವನ ಲಾಗಿನಲ್ಲಿ ನಾನು ಇಲ್ಲವೇ ಇಲ್ಲವಾದರೂ ಅದೇ ದಂಡ. ವಲಯವನ್ನು ತಪ್ಪಾಗಿ ಬರೆದಿದ್ದರೆ ಸಂಪರ್ಕ ಮಾತ್ರ ನಷ್ಟ, ದಂಡವಿಲ್ಲ. ಒಬ್ಬನನ್ನೇ ಒಂದೇ ತರಂಗಪಟ್ಟಿಯಲ್ಲಿ ಎರಡು ಸಾರಿ ಸಂಪರ್ಕಿಸಿದ್ದರೆ ಎರಡನೆಯದನ್ನು ಅಳಿಸಕೂಡದು. ಮೊದಲ ಸಾರಿ ಅವನು ತಪ್ಪು ಬರೆದುಕೊಂಡಿದ್ದರೆ ಎರಡನೆಯದೇ ನಿಲ್ಲಬಹುದು. ಕ್ರಮಪಾಠದಲ್ಲಿ ಪ್ರತಿಯೊಂದು ಪದವನ್ನೂ ಹಿಂದಿನದರೊಡನೆ ಒಮ್ಮೆ, ಮುಂದಿನದರೊಡನೆ ಒಮ್ಮೆ ಹೇಳಿ ಕಾಪಾಡಿದವರಿಗೆ ಈ ನಿಯಮದ ಮರ್ಮವು ಬೇಗ ತಿಳಿಯುವುದು.

ದಂಡವು ಅತಿಯಾಯಿತೆಂದು ನಾನು ಮೊದಲು ವಾದಿಸಿದೆನು. ತಪ್ಪಿದ ಉತ್ತರಕ್ಕೆ ಸೊನ್ನೆ ಕೊಡುವುದು ನ್ಯಾಯ. ಇರುವುದನ್ನೂ ಕಿತ್ತುಕೊಳ್ಳುವುದು ಎಲ್ಲಿಯ ನ್ಯಾಯ? ಅಳಿಯನ ಉತ್ತರ ಸರಳವಾಗಿತ್ತು. ದಂಡವಿಲ್ಲದಿದ್ದರೆ, ಅರ್ಧ ಕೇಳಿದವನು ಇನ್ನರ್ಧವನ್ನು ಊಹಿಸಿ ಬರೆದು ಮುಂದಕ್ಕೆ ಓಡುವುದೇ ಲಾಭ. ದಂಡವಿದ್ದರೆ, ನಿಂತು 'ಮತ್ತೊಮ್ಮೆ ಹೇಳು' ಎಂದು ಕೇಳುವುದು ಲಾಭ. ಇದನ್ನು ನಾನು ಒಪ್ಪಿದೆನು. ಒಪ್ಪಿದ ವಾದಗಳಲ್ಲಿ ಇದೇ ಮೊದಲನೆಯದು.

ಸೋಮವಾರ ಬೆಳಗ್ಗೆ ಸ್ಪರ್ಧೆ ಮುಗಿಯುವ ಹೊತ್ತಿಗೆ 412 ಸಂಪರ್ಕಗಳಾಗಿದ್ದುವು. ಲೋಕದಲ್ಲಿ ಇದೊಂದು ಸಂಖ್ಯೆಯಲ್ಲ. ನಮ್ಮ ಹಿತ್ತಿಲಿಗೆ ಬಹಳ. ಸ್ನಾನ ಆಹ್ನಿಕಗಳನ್ನು ಮುಗಿಸಿ, ಹಳೆಯ ಅಭ್ಯಾಸದಂತೆ ನಾನು ಲಾಗನ್ನು ಉತ್ತರಪತ್ರಿಕೆಯ ಹಾಗೆ ಮೊದಲಿನಿಂದ ಓದತೊಡಗಿದೆನು. ಶನಿವಾರ ಮಧ್ಯಾಹ್ನ ಜಪಾನಿನವನೊಬ್ಬನ ಹೆಸರಿನ ಬಳಿ ಕಣ್ಣು ನಿಂತಿತು. ಅವನ ಕಡೆಯ ಅಕ್ಷರವನ್ನು ನಾನು 'ಎಚ್' ಎಂದು ಬರೆದಿದ್ದೆನು. ಮೋರ್ಸಿನಲ್ಲಿ ಮೂರು ಚುಕ್ಕೆಯಾದರೆ 'ಎಸ್', ನಾಲ್ಕಾದರೆ 'ಎಚ್', ಐದಾದರೆ ಐದೆಂಬ ಅಂಕಿ. ವೇಗವಾಗಿ ಬಂದಾಗ ಈ ಮೂರರ ಭೇದವು ಉಪ್ಪಿನಕಾಳಿನಷ್ಟು. ಕಂಪ್ಯೂಟರಿನಲ್ಲಿ, ಹಿಂದಿನ ಸ್ಪರ್ಧೆಗಳಲ್ಲಿ ಕಾಣಿಸಿಕೊಂಡ ಹೆಸರುಗಳ ಒಂದು ದೊಡ್ಡ ಪಟ್ಟಿಯಿರುತ್ತದೆ. ಅದರಲ್ಲಿ ಹುಡುಕಿದೆನು. 'ಎಸ್' ಎಂದು ಮುಗಿಯುವ ಹೆಸರಿತ್ತು. 'ಎಚ್' ಎಂಬುದು ಇರಲಿಲ್ಲ. ತಪ್ಪು ಸಿಕ್ಕಿತೆಂದು ಸಂತೋಷಪಟ್ಟು, ತಿದ್ದುವುದಕ್ಕೆ ಕೀಲಿಯ ಮೇಲೆ ಬೆರಳಿಟ್ಟೆನು.

"ಮಾವ, ಅದಕ್ಕೆ ಕೈ ಹಚ್ಚಬೇಡಿ" ಎಂದು ಹಿಂದಿನಿಂದ ಅಳಿಯನು ಹೇಳಿದನು.

ನಿಯಮವು ಹೀಗಿದೆಯಂತೆ: ಸ್ಪರ್ಧೆ ಮುಗಿದ ಮೇಲೆ ಪಟ್ಟಿಯನ್ನು ನೋಡಿಯಾಗಲಿ, ಧ್ವನಿಮುದ್ರಣವನ್ನು ಕೇಳಿಯಾಗಲಿ, ಇನ್ನೊಬ್ಬರಿಗೆ ಕಾಗದ ಬರೆದು ವಿಚಾರಿಸಿಯಾಗಲಿ ಹೆಸರುಗಳನ್ನು ತಿದ್ದಕೂಡದು. ಈ ನಿಯಮದ ಮೇಲೆ ಹವ್ಯಾಸಿಗಳೇ ಎಷ್ಟೋ ಕಾಲದಿಂದ ಕಿತ್ತಾಡಿದ್ದಾರೆಂದು ಆಮೇಲೆ ತಿಳಿದೆನು. ಆ ದಿನ ನಮ್ಮ ಮನೆಯಲ್ಲಿ ನಡೆದದ್ದು ಅದೇ ಕಲಹದ ಒಂದು ಶಾಖೆ. ಗೌತಮನ ನ್ಯಾಯಸೂತ್ರದಲ್ಲಿ ವಾದ, ಜಲ್ಪ, ವಿತಂಡೆ ಎಂದು ಮೂರು ಬಗೆ. ತತ್ತ್ವವನ್ನು ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನ ಪಕ್ಷವೆಂಬುದಿಲ್ಲದೆ ಎದುರಾಳಿಯದನ್ನು ಕೆಡವುವುದೇ ವಿತಂಡೆ. ನಾನು ಮೊದಲನೆಯದರಿಂದ ಹೊರಟು, ಊಟದ ಹೊತ್ತಿಗೆ ಎರಡನೆಯದನ್ನು ದಾಟಿ, ಸಂಜೆಯ ಕಾಫಿಗೆ ಮೂರನೆಯದಕ್ಕೆ ಬಂದಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ನನ್ನ ಪೂರ್ವಪಕ್ಷವಿದು: ತಪ್ಪೆಂದು ತಿಳಿಯದೆ ಬರೆದರೆ ಅದು ಪ್ರಮಾದ, ತಿಳಿದ ಮೇಲೂ ಹಾಗೆಯೇ ಬಿಟ್ಟು ಸಹಿ ಹಾಕಿ ಕಳುಹಿಸಿದರೆ ಅದು ಅಸತ್ಯ. ಇದಕ್ಕೆ ಅವನು, "ತಪ್ಪೆಂದು ನಿಮಗೆ ಹೇಗೆ ತಿಳಿಯಿತು?" ಎಂದನು. ಪಟ್ಟಿಯಿಂದ ಎಂದೆನು. "ಪಟ್ಟಿಯೇನು ಶನಿವಾರ ನಿಮ್ಮ ಕಿವಿಯಲ್ಲಿ ಕೇಳಿಸಿತೇ? ಲಾಗೆಂದರೆ ಏನು ನಿಜವೋ ಅದನ್ನು ಹೇಳುವ ಕಾಗದವಲ್ಲ, ಮಾವ. ನಿಮಗೆ ಆಗ ಏನು ಕೇಳಿಸಿತೋ ಅದನ್ನು ಹೇಳುವ ಕಾಗದ."

ಪ್ರಮಾಣಶಾಸ್ತ್ರ ಓದಿದ ನನಗೆ ತರ್ಕದ ಗಂಧವಿಲ್ಲದ ಹುಡುಗನು ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಇರುವ ಭೇದವನ್ನು ಹೇಳಿಕೊಟ್ಟಂತಾಯಿತು. ನಾನು ಸುಮ್ಮನಾಗಲಿಲ್ಲ. "ಸ್ಪರ್ಧೆ ನಡೆಯುವಾಗ ಇದೇ ಪಟ್ಟಿಯನ್ನು ನೋಡಿಕೊಂಡು ಬರೆದೆವಲ್ಲ. ಅರ್ಧ ಹೆಸರು ಬರೆದೊಡನೆ ಇನ್ನರ್ಧವನ್ನು ಅದು ತಾನೇ ತೋರಿಸುತ್ತಿತ್ತು. ಭಾನುವಾರ ಪುಣ್ಯವಾದದ್ದು ಸೋಮವಾರ ಪಾಪವಾಯಿತೇ?"

"ಭಾನುವಾರ ಅವನು ಅಲ್ಲಿಯೇ ಇದ್ದನು. ಪಟ್ಟಿಯನ್ನು ನೋಡಿ ಸಂಶಯ ಬಂದರೆ ಅವನನ್ನೇ ಕೇಳಬಹುದಾಗಿತ್ತು. ಈಗ ಯಾರನ್ನು ಕೇಳುತ್ತೀರಿ?"

ಇಲ್ಲಿಗೆ ವಾದವು ಮುಗಿಯಬೇಕಾಗಿತ್ತು. ಆದರೆ ನಾನು ಗಟ್ಟಿಯಾಗಿ, ನಿಯಮಗಳೆಂಬುವು ಸೋಮಾರಿಗಳು ತಮ್ಮ ತಪ್ಪನ್ನು ಮುಚ್ಚಿಕೊಳ್ಳಲು ಕಟ್ಟಿಕೊಂಡ ಗೋಡೆಗಳೆಂದೂ, ಮುಗಿದದ್ದು ಮುಗಿಯಿತೆನ್ನುವವನಿಗೆ ಆತ್ಮಸಾಕ್ಷಿಯಿಲ್ಲವೆಂದೂ ಕಟುವಾಗಿ ನುಡಿದೆನು. ಹುಡುಗನ ಮುಖ ಚಿಕ್ಕದಾಯಿತು. ತಂಗಿಯು ಒಳಗಿನಿಂದ ಬಂದು, "ಒಂದು ಅಕ್ಷರಕ್ಕೆ ಇಷ್ಟು ಕೂಗುವುದೇ ಅಣ್ಣಾ?" ಎಂದು ಕೇಳಿ ಹೋದಳು.

ಆ ಕೂಗು ಜಪಾನಿನವನಿಗಾಗಿ ಇರಲಿಲ್ಲ. ಮೂವತ್ತು ವರ್ಷಗಳ ಹಿಂದಿನ ಮಾತು. ನಾನು ಸಂಸ್ಕೃತ ಕಲಿಸುತ್ತಿದ್ದ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಗೆ ಒಂದು ಸುಭಾಷಿತವನ್ನು ಬಾಯಿಪಾಠದಿಂದ ಬರೆದು ಅರ್ಥ ಹೇಳಲು ಕೊಟ್ಟಿದ್ದೆನು. ಒಬ್ಬ ಹುಡುಗನು ಪಠ್ಯಪುಸ್ತಕದಲ್ಲಿದ್ದುದಕ್ಕಿಂತ ಒಂದು ಅಕ್ಷರ ಬೇರೆಯಾಗಿ ಬರೆದು, ಅದಕ್ಕೆ ತಕ್ಕ ಅರ್ಥವನ್ನೂ ಹೇಳಿದ್ದನು. ನಾನು ಕೆಂಪು ಮಸಿಯಿಂದ ಅವನ ಅಕ್ಷರವನ್ನು ಹೊಡೆದು, ಮೇಲೆ ನನ್ನ ಅಕ್ಷರವನ್ನು ಬರೆದು, ಎರಡು ಅಂಕ ಕಳೆದೆನು. ಆ ವರ್ಷದ ಬಹುಮಾನವು ಅವನಿಗೆ ಒಂದು ಅಂಕದಿಂದ ತಪ್ಪಿತು. ಉತ್ತರಪತ್ರಿಕೆಯನ್ನು ಹಿಂದಕ್ಕೆ ಕೊಟ್ಟಾಗ ಅವನು, "ನಮ್ಮ ಅಜ್ಜ ಹೀಗೇ ಹೇಳಿಕೊಟ್ಟದ್ದು ಸಾರ್" ಎಂದನು. "ನಿಮ್ಮ ಅಜ್ಜನಿಗೆ ಮರೆತಿರಬೇಕು" ಎಂದು ನಾನು ಹೇಳಿದೆನು, ತರಗತಿಯು ನಕ್ಕಿತು. ಎರಡು ವರ್ಷಗಳ ಮೇಲೆ ಪರಿಚಿತರೊಬ್ಬರ ಮನೆಯ ಹಳೆಯ ಮುದ್ರಿತ ಗ್ರಂಥವೊಂದನ್ನು ತಿರುವುತ್ತಿದ್ದಾಗ, ಆ ಹುಡುಗನು ಬರೆದ ಪಾಠವೇ ಪುಟದ ಮೇಲಿತ್ತು. ಅರ್ಥವೂ ನನ್ನದಕ್ಕಿಂತ ಲೇಸಾಗಿತ್ತು. ನಾನು ಮುಖ್ಯೋಪಾಧ್ಯಾಯರಲ್ಲಿಗೆ ಹೋದೆನು. ರಿಜಿಸ್ಟರು ಮುಚ್ಚಿ ಎರಡು ವರ್ಷವಾಯಿತು, ಈಗ ತಿದ್ದುವಂತಿಲ್ಲ, ಬಿಟ್ಟುಬಿಡಿ ಎಂದು ಅವರು ಹೇಳಿದರು. ಆ ಮಾತನ್ನು ಕೇಳಿ ನನಗೆ ದುಃಖವಾಗಲಿಲ್ಲ, ಹಗುರವಾಯಿತು. ಹುಡುಗನು ಆಗಲೇ ಶಾಲೆ ಬಿಟ್ಟಿದ್ದನು. ಅವನ ಮನೆಗೆ ಹೋಗಿ ಹೇಳುವುದಕ್ಕೆ ರಿಜಿಸ್ಟರಿನ ಅಡ್ಡಿಯೇನೂ ಇರಲಿಲ್ಲ. ನಾನು ಹೋಗಲಿಲ್ಲ.

ಇದನ್ನು ಅಳಿಯನಿಗೆ ಹೇಳಲಿಲ್ಲ. ರಾತ್ರಿಯ ಊಟವಾದ ಮೇಲೆ, ಲಾಗು ಹೇಗಿದೆಯೋ ಹಾಗೆಯೇ ಕಳುಹಿಸು ಎಂದಷ್ಟೇ ಹೇಳಿದೆನು.

ಮರುವರ್ಷ ಪರಿಶೀಲನೆಯ ವರದಿ ಬಂದಿತು. ಪ್ರತಿಯೊಬ್ಬ ಸ್ಪರ್ಧಾಳುವಿಗೂ, ಅವನು ಎಲ್ಲೆಲ್ಲಿ ಎಡವಿದನೆಂಬುದನ್ನು ಸಾಲು ಸಾಲಾಗಿ ತೋರಿಸಿ ಕಳುಹಿಸುವ ಪದ್ಧತಿಯಿದೆ. ಅಷ್ಟೇ ಅಲ್ಲ, ಎಲ್ಲರ ಲಾಗುಗಳನ್ನೂ ಸಾರ್ವಜನಿಕರು ನೋಡುವಂತೆ ಪ್ರಕಟಿಸುತ್ತಾರೆ. ನಮ್ಮ ಶಿಕ್ಷಣ ಇಲಾಖೆಯು ಉತ್ತರಪತ್ರಿಕೆಗಳನ್ನು ಹೀಗೆ ಬಯಲಿಗಿಟ್ಟರೆ ಉಪಾಧ್ಯಾಯರಲ್ಲಿ ಎಷ್ಟು ಮಂದಿ ತಲೆಯೆತ್ತಿ ನಡೆದಾರೆಂದು ಯೋಚಿಸುತ್ತ ನಾನು ವರದಿಯನ್ನು ಬಿಡಿಸಿದೆನು. ಹದಿಮೂರು ತಪ್ಪುಗಳಿದ್ದುವು. ಅವುಗಳಲ್ಲಿ ಆ ಜಪಾನಿನವನು ಇರಲಿಲ್ಲ.

ಮತ್ತೆ ಮತ್ತೆ ನೋಡಿದೆನು. ಅಳಿಯನು ಪ್ರಕಟವಾದ ಲಾಗುಗಳಲ್ಲಿ ಹುಡುಕಿ ತೆಗೆದನು: 'ಎಚ್' ಎಂದು ಮುಗಿಯುವ ಹೆಸರಿನವನೇ ಒಂದು ಚಿಕ್ಕ ಲಾಗನ್ನು ಕಳುಹಿಸಿದ್ದನು. ಎರಡು ದಿನಗಳಲ್ಲಿ ಮೂವತ್ತು ಚಿಲ್ಲರೆ ಸಂಪರ್ಕಗಳು. ಅವುಗಳಲ್ಲಿ ಶನಿವಾರ ಮಧ್ಯಾಹ್ನದ ನಮ್ಮದೂ ಒಂದು. ಹೊಸಬನಿದ್ದಾನು, ಅದಕ್ಕೇ ಪಟ್ಟಿಯಲ್ಲಿರಲಿಲ್ಲ ಎಂದು ಅಳಿಯನು ಊಹಿಸಿದನು. ನನ್ನ ಕಿವಿಯು ನಾಲ್ಕು ಚುಕ್ಕೆಗಳನ್ನು ಸರಿಯಾಗಿಯೇ ಕೇಳಿತ್ತು. ಸೋಮವಾರ ನನ್ನ ಬೆರಳು ಇನ್ನೊಂದು ಕ್ಷಣ ಮುಂದೆ ಹೋಗಿದ್ದರೆ, ಇದ್ದವನೊಬ್ಬನನ್ನು ಅಳಿಸಿ, ನಾನು ಕೇಳದವನೊಬ್ಬನನ್ನು ಅಲ್ಲಿ ಕೂರಿಸುತ್ತಿತ್ತು.

ಒಂದೇ ಒಂದು ಲಾಗಿನಲ್ಲಿ ಮಾತ್ರ ಕಾಣುವ ಹೆಸರಿಗೆ ಈ ಜನರು 'ಯೂನಿಕ್' ಎನ್ನುತ್ತಾರೆ. ಅಂಥವುಗಳಲ್ಲಿ ಹೆಚ್ಚಿನವು ತಪ್ಪಾಗಿ ಕೇಳಿಸಿಕೊಂಡವೇ. ಆದರೂ ಒಂಟಿಯೆಂಬ ಕಾರಣಕ್ಕೇ ಅದನ್ನು ತೆಗೆದುಹಾಕುವುದಿಲ್ಲ. ತಪ್ಪೆಂದು ತೋರಿಸುವ ಬೇರೆ ಆಧಾರ ಬೇಕು. ಯಾರೋ ಒಬ್ಬನು ಗಂಟೆಯೊಂದರ ಮಟ್ಟಿಗೆ ಕುಳಿತು, ಒಬ್ಬರನ್ನೇ ಕರೆದು, ಲಾಗನ್ನೂ ಕಳುಹಿಸದೆ ಎದ್ದು ಹೋಗಿರಬಹುದಷ್ಟೆ. ಈ ನಿಯಮವನ್ನು ಅಳಿಯನು ಓದಿ ಹೇಳಿದಾಗ ನನಗೆ ಮುದ್ರಿತ ಪುಸ್ತಕದ ಆ ಪುಟವು ಕಣ್ಣ ಮುಂದೆ ಬಂದಿತು.

ಉಳಿದ ತಪ್ಪುಗಳಲ್ಲಿ ಎರಡನ್ನು ಹೇಳುತ್ತೇನೆ. ಯುರೋಪಿನವನೊಬ್ಬನ ಲಾಗಿನಲ್ಲಿ ನಾವಿಲ್ಲವೆಂದು ವರದಿಯು ಹೇಳಿತ್ತು. ರಾತ್ರಿ ಅವನು ನಮಗೆ ಉತ್ತರ ಕೊಟ್ಟದ್ದು ನನಗೆ ಚೆನ್ನಾಗಿ ನೆನಪಿತ್ತು. ಅವನ ಅಲಕ್ಷ್ಯಕ್ಕೆ ನಮಗೆ ದಂಡವೇ ಎಂದು ರೇಗಿ, ತೀರ್ಪುಗಾರರಿಗೆ ಬರೆಯಬೇಕಾದ ಕಾಗದವನ್ನು ಮನಸ್ಸಿನಲ್ಲಿ ಅರ್ಧ ರಚಿಸಿದ್ದೆನು. ಅವನ ಲಾಗನ್ನು ತೆರೆದು ನೋಡಿದರೆ, ಅದೇ ನಿಮಿಷದಲ್ಲಿ ಅವನು ನಮ್ಮ ದೇಶದ ಇನ್ನೊಬ್ಬನೊಡನೆ ಮಾತನಾಡಿದ್ದನು. ಆ ಹೆಸರಿಗೂ ನಮ್ಮದಕ್ಕೂ ಒಂದು ಚುಕ್ಕೆಯ ವ್ಯತ್ಯಾಸ. ಇನ್ನೊಬ್ಬನಿಗೆ ಕೊಟ್ಟ ಉತ್ತರವನ್ನು ನಾನು ನಮ್ಮದೆಂದು ಅಂಗೀಕರಿಸಿದ್ದೆನು. ಕಾಗದವು ಮನಸ್ಸಿನಲ್ಲೇ ಉಳಿಯಿತು. ಮತ್ತೊಂದು ಇದಕ್ಕಿಂತ ನಾಚಿಕೆಯದು. ಅಮೆರಿಕದವನೊಬ್ಬನ ಹೆಸರಿನಲ್ಲಿ ಆರೆಂಬ ಅಂಕಿಯಿತ್ತು. ಆ ಅಂಕಿಯು ಕ್ಯಾಲಿಫೋರ್ನಿಯದ್ದು, ಅದು 3ನೆಯ ವಲಯದಲ್ಲಿದೆ. ಕಂಪ್ಯೂಟರು ಹೆಸರನ್ನು ಕಂಡೊಡನೆ 3 ಎಂದು ತಾನೇ ತುಂಬಿತು. ಆದರೆ ಆ ದೇಶದಲ್ಲಿ ಊರು ಬದಲಾಯಿಸಿದವನು ಹಳೆಯ ಹೆಸರನ್ನೇ ಇಟ್ಟುಕೊಳ್ಳಬಹುದು. ಇವನು ಪೂರ್ವತೀರದಲ್ಲಿದ್ದುಕೊಂಡು 5 ಎಂದು ಒತ್ತಿದ್ದನು. ತೆರೆಯ ಮೇಲೆ ಉತ್ತರವು ಮೊದಲೇ ಬರೆದಿದ್ದುದರಿಂದ ನಾನು ಕೇಳಲೇ ಇಲ್ಲ. ಸಂಶಯಪಟ್ಟು ಹಗಲೆಲ್ಲ ಹೋರಾಡಿದ್ದು ಸರಿಯಾಗಿತ್ತು. ಇದರ ವಿಷಯದಲ್ಲಿ ನನಗೆ ಸಂಶಯವೇ ಬಂದಿರಲಿಲ್ಲ.

ಆ ಸಂಜೆ ಅಳಿಯನಿಗೆ ಸುಭಾಷಿತದ ಕಥೆಯನ್ನು ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಎಲ್ಲಿದ್ದಾನೆ, ಮಾವ?" ಎಂದು ಕೇಳಿದನು. ಗೊತ್ತಿಲ್ಲವೆಂದೆನು. "ಜಪಾನಿನವನನ್ನೇ ಹುಡುಕಿದೆವಲ್ಲ" ಎಂದನು.

ಈಗಲೂ ನವೆಂಬರಿನಲ್ಲಿ ನಾವು ಕುಳಿತುಕೊಳ್ಳುತ್ತೇವೆ. ಪಟ್ಟಿಯನ್ನೂ, ತಾನೇ ತುಂಬುವ ವಲಯವನ್ನೂ ನನ್ನ ಪಾಳಿಯಲ್ಲಿ ಮುಚ್ಚಿಡುವಂತೆ ಅಳಿಯನಿಗೆ ಹೇಳಿದ್ದೇನೆ. ಪ್ರಶ್ನೆಯ ಚಿಹ್ನೆಗೆ ಮೋರ್ಸಿನಲ್ಲಿ ಎರಡು ಚುಕ್ಕೆ, ಎರಡು ಗೆರೆ, ಎರಡು ಚುಕ್ಕೆ. ಅದನ್ನು ನಾನು ಹೆಚ್ಚಾಗಿ ಒತ್ತುತ್ತೇನೆ. ಗಂಟೆಗೆ ಆಗುವ ಸಂಪರ್ಕಗಳು ಕಡಮೆಯಾಗಿವೆ. ಅಳಿಯನು ಗಡಿಯಾರವನ್ನು ನೋಡುತ್ತಾನೆ, ಏನೂ ಹೇಳುವುದಿಲ್ಲ.

ಆ ಹುಡುಗನು, ಹುಡುಗನೆಂದರೆ ಈಗ ಅವನಿಗೂ ತಲೆ ನರೆತಿರಬೇಕು, ಬೇರೆ ಜಿಲ್ಲೆಯಲ್ಲಿದ್ದಾನೆಂದು ಅವನ ಹಳೆಯ ಸಹಪಾಠಿಯೊಬ್ಬನಿಂದ ತಿಳಿದು, ವಿಳಾಸವನ್ನು ಸಂಪಾದಿಸಿದೆನು. ಅವನ ಅಜ್ಜನ ಪಾಠವೇ ಸರಿಯಾಗಿತ್ತೆಂದೂ, ನನಗೆ ತಿಳಿದು ಬಹಳ ಕಾಲವಾಯಿತೆಂದೂ ಬರೆದು, ಗ್ರಂಥದ ಆ ಪುಟದ ನಕಲನ್ನು ಜೊತೆಗಿಟ್ಟು ಅಂಚೆಗೆ ಹಾಕಿದೆನು. ಮೂರು ವಾರವಾಯಿತು. ಉತ್ತರ ಬಂದಿಲ್ಲ.